ಎರೆಮಣ್ಣಿಗೆ ಬಿಳಿ ಮ್ಯಾಟು ಹಾಕಿದ್ದು

ಏಳನೆಯ ತರಗತಿಗೇ ಶಾಲೆ ಬಿಟ್ಟು ವೆಲ್ಡಿಂಗ್ ಹಿಡಿದವನು ನಾನು. ಈಗ ಹಾರೂಗೇರಿಯಲ್ಲಿ ನನ್ನದೇ ಶೆಡ್ಡು ಇದೆ. ಸುತ್ತಲಿನ ಊರುಗಳಲ್ಲಿ ಕಬ್ಬು ಹೇರಿಕೊಂಡು ಓಡಾಡುವ ಎಷ್ಟೋ ಟ್ರೇಲರುಗಳು ನನ್ನ ಕೈಯಲ್ಲೇ ಎದ್ದು ನಿಂತವು. ಹೀಗಾಗಿ ಗಾಡಿಯ ವಿಷಯದಲ್ಲಿ ಇನ್ನೊಬ್ಬರು ಬುದ್ಧಿ ಹೇಳಿದರೆ ನನಗೆ ಸೇರುವುದಿಲ್ಲ.

ಕಾರು ಕೊಂಡಾಗ ಒಂದನ್ನು ಮೊದಲೇ ನಿಶ್ಚಯಿಸಿದ್ದೆ, ಮುಂದಿನ ಸೀಟು ಅಕ್ಕನದು. ನಾನು ಕೆಲಸ ಕಲಿಯುವಾಗ ಮಂದಿಯ ಹೊಲದಲ್ಲಿ ದುಡಿದು ನನಗೆ ರೊಟ್ಟಿ ಕಟ್ಟಿಕೊಟ್ಟವಳು ಅವಳು. ಈಗ ಐಗಳಿಯಲ್ಲಿ ದ್ರಾಕ್ಷಿ ತೋಟ ನೋಡಿಕೊಂಡಿದ್ದಾಳೆ. ಎಲ್ಲಿಗೆ ಹೋಗಬೇಕಾದರೂ ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದಳು.

ಕಾರಿನೊಳಗೆ ಕಾಲ ಕೆಳಗೆ ಹಾಸುವ ಮ್ಯಾಟು ತರಲು ಚಿಕ್ಕೋಡಿಗೆ ಹೋದೆ. ಅಂಗಡಿಯವನು ಸುತ್ತಲೂ ಅಂಚು ಎದ್ದಿದ್ದ ಕಪ್ಪು ರಬ್ಬರಿನದನ್ನು ತೆಗೆದು ನನ್ನ ಮುಂದೆ ಹಾಕಿದ.

“ಸಾವ್ಕಾರ್ರ, ನಮ್ಮ ಕಡೆ ಎರಿ ಮಣ್ಣ. ಇದನ್ನ ಒಯ್ರಿ. ಜಾಡಿಸಿದ್ರ ಮುಗೀತು.”

ನನ್ನ ಕಣ್ಣು ಆಗಲೇ ಗೋಡೆಗೆ ನೇತುಹಾಕಿದ್ದ ಬೆಳ್ಳನೆಯ ಮೆತ್ತನೆ ಮ್ಯಾಟಿನ ಮೇಲಿತ್ತು. “ರಬ್ಬರ ಟ್ರ್ಯಾಕ್ಟರಿಗೆ ಹಾಕ್ರಿ. ನಂದು ಕಾರ್ ಐತಿ,” ಎಂದೆ.

“ಆತ್ ಬಿಡ್ರಿ, ನಿಮ್ಮ ಮರ್ಜಿ,” ಎಂದು ಕಟ್ಟಿಕೊಟ್ಟ.

ಮೊದಲ ಮಳೆಗೇ ಪರೀಕ್ಷೆ ಬಂತು. ಹೊಲದಲ್ಲಿ ಮುರಿದು ನಿಂತಿದ್ದ ಟ್ರೇಲರ್ ನೋಡಿ ಬಂದು ಹಾಗೇ ಕಾರು ಹತ್ತಿದೆ. ಚಪ್ಪಲಿಯ ಕೆಳಗೆ ಇನ್ನೊಂದು ಚಪ್ಪಲಿಯಷ್ಟು ಮಣ್ಣು ಹತ್ತಿತ್ತು. ಮನೆಗೆ ಬಂದವನೇ ನನ್ನ ಕಾಲ ಕೆಳಗಿನ ಮ್ಯಾಟು ತೆಗೆದು, ನೀರು ಸುರಿದು, ಸೋಪಿನ ಪುಡಿ ಹಾಕಿ ತಿಕ್ಕಿದೆ. ತಿಕ್ಕಿದಷ್ಟೂ ಮಣ್ಣು ಒಳಗಿಳಿಯಿತು.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಎಮ್ಮಿ ಮೈ ತಿಕ್ಕಿದಾಂಗ ತಿಕ್ಕಾಕತ್ತೀರಿ. ಬಣ್ಣಾನೂ ಎಮ್ಮೀದ ಬಂತ ನೋಡ್ರಿ.”

ಅಂದಿನಿಂದ ಉಳಿದ ಮೂರು ಮ್ಯಾಟಿಗೆ ನಾನು ಕಾವಲುಗಾರನಾದೆ. ಯಾರು ಬಾಗಿಲು ತೆಗೆದರೂ ನನ್ನ ಕಣ್ಣು ಮೊದಲು ಅವರ ಕಾಲಿಗೇ ಹೋಗುತ್ತಿತ್ತು.

ಮುಂದೆ ಕಾಗವಾಡದಲ್ಲಿ ಚಿಕ್ಕಪ್ಪನ ಹೊಸ ಮನೆಯ ವಾಸ್ತುಶಾಂತಿ ಬಂತು. ಅಕ್ಕನನ್ನು ಕರೆದೊಯ್ಯಲು ಐಗಳಿಗೆ ಹೋದೆ. ಹೊಸ ಸೀರೆ ಉಟ್ಟು ರಸ್ತೆಯ ಬದಿಗೆ ಬೇವಿನ ಮರದ ಕೆಳಗೆ ನಿಂತಿದ್ದಳು. ಬಾಗಿಲು ತೆಗೆದಳು. ನಾನು ಅವಳ ಕಾಲು ನೋಡಿದೆ. ಅವಳು ಮ್ಯಾಟು ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಒಳಗೆ ಬಂದು ಕೂತಳು. ದಾರಿಯುದ್ದಕ್ಕೂ ನಾನೇ ಕಾರಿನ ಗುಣಗಾನ ಮಾಡಿದೆ. ಅವಳು ಹ್ಞೂಂ ಅಂದಳು.

ಊಟವಾದ ಮೇಲೆ ಹೊರಗೆ ಬಂದರೆ, ನಾಲ್ಕೈದು ಹೆಂಗಸರು ಬಾಗಿಲ ಮುಂದಿನ ಚಪ್ಪಲಿ ರಾಶಿಯನ್ನು ಕೆದಕುತ್ತಿದ್ದರು. ನಡುವೆ ಅಕ್ಕ, ಬಿಸಿಲಿಗೆ ಕಾದ ಫರಸಿ ಕಲ್ಲಿನ ಮೇಲೆ ಬರಿಗಾಲಲ್ಲಿ.

“ಅಥಣಿ ಚಪ್ಲಿ ಅಂದ್ರ ಹಂಗ, ಕಂಡಾವ್ರು ಹಾಕ್ಕೊಂಡ ಹೋಗ್ತಾರ,” ಎಂದು ಚಿಕ್ಕಮ್ಮ ಯಾರನ್ನೋ ಬೈಯುತ್ತಿದ್ದಳು.

“ಹುಡುಕಬ್ಯಾಡ್ರಿ,” ಅಕ್ಕ ತಣ್ಣಗೆ ಹೇಳಿದಳು, “ನನ್ನ ಚಪ್ಲಿ ಐಗಳ್ಯಾಗ ಬೇವಿನ ಗಿಡದ ಬುಡಕ ಅದಾವ. ತಮ್ಮನ ಗಾಡ್ಯಾಗ ದೇವ್ರ ಅದಾನ, ಹೊರಗ ಬಿಟ್ಟ ಹತ್ತೀನಿ.”

ಎಲ್ಲರೂ ನಕ್ಕರು. ನಾನು ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ.

ಬರುವಾಗ ಅಥಣಿಯಲ್ಲಿ ಚಪ್ಪಲಿ ಅಂಗಡಿಯ ಮುಂದೆ ನಿಲ್ಲಿಸಿದೆ. ಅವಳು ಇಳಿಯಲಿಲ್ಲ.

“ಹೊಸಾವ್ನೂ ಕೈಯಾಗ ಹಿಡ್ಕೊಂಡ ಕೂಡ್ಲೇನು? ನಡಿ. ಇನ್ನ ಮ್ಯಾಲ ನಾ ಬಸ್ಸಿಗೆ ಹೋಗ್ತೀನಿ ತಮ್ಮಾ. ಬಸ್ಸಿನ್ಯಾಗ ಯಾರೂ ಕಾಲ ನೋಡಾಂಗಿಲ್ಲ.”

ಐಗಳಿಯಲ್ಲಿ ಬೇವಿನ ಕೆಳಗೆ ಒಂದೇ ಚಪ್ಪಲಿ ಇತ್ತು. ಇನ್ನೊಂದನ್ನು ನಾಯಿ ಎಳೆದುಕೊಂಡು ಹೋಗಿತ್ತು.

ಮರುದಿನ ಶೆಡ್ಡಿನ ಬಾಗಿಲು ತೆಗೆಯದೆ ಚಿಕ್ಕೋಡಿಗೆ ಹೋದೆ. ಕಪ್ಪು ರಬ್ಬರಿನ ಮ್ಯಾಟು ಕೇಳಿದೆ. ಅಂಗಡಿಯವನು ಗುರುತು ಹಿಡಿದ. “ಯಾಕ್ರಿ ಸಾವ್ಕಾರ್ರ, ಟ್ರ್ಯಾಕ್ಟರ್ ತಗೊಂಡ್ರೇನು?”

“ಹೌದ್ರಿ, ಕಟ್ರಿ,” ಎಂದೆ. ಮ್ಯಾಟು ಬ್ರೇಕಿನ ಕೆಳಗೆ ಸರಿಯದಂತೆ ಕೊಂಡಿ ಸಿಕ್ಕಿಸುವುದನ್ನು ಅವನು ತೋರಿಸಿದ. ನನಗೆ ಗೊತ್ತಿದ್ದರೂ ಸುಮ್ಮನೆ ನೋಡಿದೆ.

ಮತ್ತೊಂದು ಮಳೆ ಬಿದ್ದ ದಿನ ಹೇಳದೆ ಕೇಳದೆ ಐಗಳಿಗೆ ಹೋದೆ. ಅಕ್ಕ ಕಣ್ಣು ತೋರಿಸಲು ಅಥಣಿಗೆ ಹೊರಟವಳು, ತೋಟದಿಂದ ನೇರ ಬಂದು ಬಸ್ಸಿಗೆ ಕಾಯುತ್ತಿದ್ದಳು. ಕಾಲಿನಲ್ಲಿ ಹೊಸ ಚಪ್ಪಲಿ, ಅದರ ಕೆಳಗೆ ಸೇರುಗಟ್ಟಲೆ ಮಣ್ಣು. ನಾನು ಮುಂದಿನ ಬಾಗಿಲು ತೆಗೆದು, ಕಣ್ಣನ್ನು ಬೇಕೆಂದೇ ದೂರದ ಕಂಬದ ಮೇಲೆ ಇಟ್ಟೆ.

ಅವಳು ಬಗ್ಗಿ ರಬ್ಬರನ್ನು ಬೆರಳಿನಿಂದ ಬಡಿದಳು. “ಇದೇನೋ, ಬುಟ್ಟಿ ಇದ್ದಾಂಗ ಐತಿ.”

“ಬುಟ್ಟೀನ ಅಕ್ಕ. ಹತ್ತು.”

ಚಪ್ಪಲಿ ಸಮೇತ ಹತ್ತಿದಳು. ಎರಡೂ ಕಾಲನ್ನು ಗಟ್ಟಿಯಾಗಿ ಊರಿ, ಸೀಟಿಗೆ ಬೆನ್ನು ಕೊಟ್ಟು, ಅಥಣಿ ಬರುವಷ್ಟರಲ್ಲಿ ಉಪದೇಶವನ್ನೂ ಮಾಡಿದಳು. “ಹಸೀದಾಗ ಕೈ ಹಚ್ಚಬ್ಯಾಡ. ಒಣಗ್ಲಿ, ತಾನ ಬಿಡತೈತಿ.”

ಈ ಸಲ ಕೇಳಿದೆ. ಎರಡು ದಿನ ಬಿಸಿಲಿಗೆ ಒಣಗಿಸಿ ಮ್ಯಾಟನ್ನು ಬಗ್ಗಿಸಿದೆ. ಮಣ್ಣು ಖಡಕ್ ರೊಟ್ಟಿಯ ಹಾಗೆ ತುಂಡುತುಂಡಾಗಿ ಎದ್ದು ಬಂತು. ಉಳಿದದ್ದಕ್ಕೆ ಒಂದು ತಂಬಿಗೆ ನೀರು ಸಾಕಾಯಿತು. ಒರೆಸುತ್ತಿರುವಾಗಲೇ ಫೋನು ಬಂತು.

“ತಮ್ಮಾ, ನಾಳೆ ಅಕ್ಕೋಳ ಊರಿಗೆ ಹೋಗೂದೈತಿ. ಲಗೂ ಬಾ,” ಎಂದಳು ಅಕ್ಕ. “ಇಲ್ಲಿ ರಾತ್ರಿಯಿಂದ ಮಳಿ ಹತ್ತೇತಿ, ಗೊತ್ತಿರ್ಲಿ.”