ಯಾರನ್ನೂ ಹತ್ತಿಸಿಕೊಳ್ಳದ ಲಾರಿ

ಚನ್ನಗಿರಿಯ ಮಾಲತೇಶನ ಲಾರಿಗೆ ಕೈ ಅಡ್ಡ ಹಿಡಿದು ಪ್ರಯೋಜನವಿಲ್ಲ ಎಂಬುದು ಹೊನ್ನಾಳಿಯಿಂದ ಜಗಳೂರಿನವರೆಗೆ ಎಲ್ಲರಿಗೂ ಗೊತ್ತು. ನಲ್ಲಿ ನೀರು ಶುದ್ಧ ಮಾಡುವ ಘಟಕಗಳಿಗೆ ಕ್ಲೋರಿನ್ ಸಿಲಿಂಡರ್ ಸಾಗಿಸುವ ಲಾರಿ ಅದು. ನಮ್ಮ ಕಡೆ ಜನಕ್ಕೋ, ಲಾರಿ ಎಂದರೆ ಟಿಕೆಟ್ಟಿಲ್ಲದ ಬಸ್ಸು. ಹುಲ್ಲಿನ ಹೊರೆ, ಮೇಕೆ, ಬೀಗರು ಎಲ್ಲಕ್ಕೂ ಅದರಲ್ಲಿ ಜಾಗ ಉಂಟು. ಈ ಪುಣ್ಯಾತ್ಮ ಮಾತ್ರ ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ಗಟ್ಟಿಯಾಗಿ ಹಿಡಿದುಕೊಂಡು, ಯಾರನ್ನೂ ಹತ್ತಿಸಿಕೊಳ್ಳದೆ ಹೋಗಿಬಿಡುತ್ತಾನೆ. ಜನ ಅವನಿಗೆ ಸೊಕ್ಕು ಎಂದರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಕೆಡಿಸಿಕೊಂಡದ್ದು ಮಾವನ ವಿಷಯದಲ್ಲಿ. ಸೂಳೆಕೆರೆ ಏರಿಯ ಕೆಳಗಿನ ಊರಿನ ಮಲ್ಲೇಶಪ್ಪ ಒಂದು ದಿನ ಮಗಳಿಗೆಂದು ತೆಂಗಿನಕಾಯಿ ಚೀಲ ಹೊತ್ತು ಉರಿಬಿಸಿಲಲ್ಲಿ ಬಸ್ಸಿಗೆ ಕಾಯುತ್ತಿದ್ದರು. ದೂರದಲ್ಲಿ ಲಾರಿ ಕಂಡಿದ್ದೇ, "ನಮ್ಮ ಅಳಿಯಂದ್ರದು!" ಎಂದು ನಾಲ್ಕು ಜನರೆದುರು ಬೀಗುತ್ತಾ ಟವೆಲ್ ಬೀಸಿದರು. ಲಾರಿ ನಿಲ್ಲಲಿಲ್ಲ. ಮುದುಕರು ಕಾಯಿ ಸಮೇತ ಮನೆಗೆ ವಾಪಸಾಗಿ, "ಇನ್ನ ಆ ಮನ್ಯಾಗೆ ಹನಿ ನೀರು ಮುಟ್ಟಲ್ಲ" ಎಂದು ಹೇಳಿಕಳಿಸಿದರು.

ಹೆಂಡತಿ ಸುಚಿತ್ರಾ ಮಾತು ಬಿಟ್ಟಿದ್ದರೆ ಮಾಲತೇಶ ಹೇಗೋ ತಡೆದುಕೊಳ್ಳುತ್ತಿದ್ದ. ಅವಳು ಬಿಡಲಿಲ್ಲ. ಊಟಕ್ಕೆ ಕೂತಾಗಲೆಲ್ಲ, "ಅಪ್ಪ ಹಬ್ಬಕ್ಕೂ ಬರ್ಲಿಲ್ಲ ನೋಡ್ರಿ" ಎನ್ನುತ್ತಿದ್ದಳು. ಮಾಲತೇಶನಿಗೆ ತಂದೆಯಿಲ್ಲ. ಮಾವನ ಜೊತೆ ಜಗಲಿಯಲ್ಲಿ ಕೂತು ಹರಟುವ ಸಂಜೆಗಳು ಅವನಿಗೂ ಬೇಕಿದ್ದವು.

ಮೊನ್ನೆ ಅದೇ ಬಸ್ ಸ್ಟಾಪಿನ ಹತ್ತಿರ ಬರುವಾಗ ಮೂಗಿಗೆ ಕ್ಲೋರಿನ್ ಘಾಟು ಹೊಡೆಯಿತು. ಮಾಲತೇಶ ಲಾರಿ ನಿಲ್ಲಿಸಿ ಕೆಳಗೆ ಹಾರಿದ. ಮಲ್ಲೇಶಪ್ಪ ಅಲ್ಲೇ ಇದ್ದರು. ಅಳಿಯ ಕೊನೆಗೂ ದಾರಿಗೆ ಬಂದ ಎಂದುಕೊಂಡು, ಟವೆಲ್ ಕೊಡವಿ ಹೆಗಲಿಗೆ ಹಾಕಿ ಗತ್ತಿನಿಂದ ಹೊರಟರು.

"ಬರಬ್ಯಾಡ್ರಿ ಮಾವ! ಎಲ್ಲಾರೂ ಏರಿ ಹತ್ರಿ! ಗ್ಯಾಸು ತಗ್ಗಿಗೆ ಇಳಿತೈತೆ, ಗಾಳಿ ಬರೋ ದಿಕ್ಕಿಗೆ ಹೋಗ್ರಿ!"

ಜನರೆದುರು ಮತ್ತೆ ಅವಮಾನ! ಬೈಯಲೆಂದು ಮುದುಕರು ಬಾಯಿ ತೆರೆದರು, ಗಂಟಲಿಗೆ ಘಾಟು ಹೊಕ್ಕಿತು. ಕೆಮ್ಮುತ್ತಾ, ಕಣ್ಣೀರು ಸುರಿಸುತ್ತಾ ಏರಿ ಹತ್ತಿದರು. ಮೇಲಿಂದ ನೋಡಿದರೆ, ಎಲ್ಲರೂ ಓಡಿಬಂದ ಜಾಗದಲ್ಲಿ ಅಳಿಯ ಮುಖಕ್ಕೆ ಮಾಸ್ಕ್ ಬಿಗಿದುಕೊಂಡು ನಿಂತಿದ್ದ. ಕ್ಲೋರಿನ್ ತಗುಲಿದರೆ ಹೊಗೆಯಾಡುವ ಅಮೋನಿಯಾದಲ್ಲಿ ಅದ್ದಿದ ಬಟ್ಟೆಯನ್ನು ಸಿಲಿಂಡರುಗಳ ಹತ್ತಿರ ಹಿಡಿಯುತ್ತಾ ಹೋದ. ಒಂದು ವಾಲ್ವಿನ ಬಳಿ ಬಿಳಿ ಹೊಗೆ ಎದ್ದಿತು. ಸೋರುತ್ತಿದ್ದದ್ದು ಅದೇ. ಸ್ಪ್ಯಾನರ್ ಹಾಕಿ ಬಿಗಿ ಮಾಡಿದ. ಹೊಗೆ ನಿಲ್ಲುವವರೆಗೆ ಮುದುಕರ ಜೀವ ಕೈಯಲ್ಲಿತ್ತು.

"ಜ್ವಾಪಾನ ಕಣಪ್ಪಾ!" ಎಂದು ಅವರು ಕೂಗಿದ್ದು ಅಳಿಯನಿಗೆ ಕೇಳಿಸಲೇ ಇಲ್ಲ.

ಸಂಜೆ ನೋಡಿದರೆ ಅಳಿಯನ ಮನೆ ಬಾಗಿಲಲ್ಲಿ ಕಾಯಿಚೀಲ ಸಮೇತ ಮಲ್ಲೇಶಪ್ಪ.

"ಹೆಂಗೆ ಬಂದ್ರಿ ಮಾವ?" ಎಂದ ಮಾಲತೇಶ.

"ಬಸ್ಸಿಗೆ. ನಿಮ್ ಲಾರಿ ಹತ್ತಾಕೆ ನಂಗೇನು ತಲೆ ಕೆಟ್ಟೈತಾ?"

ಸುಚಿತ್ರಾ ಚೊಂಬಿನಲ್ಲಿ ನಲ್ಲಿ ನೀರು ತಂದು, ಕೊಡಲೋ ಬೇಡವೋ ಎಂದು ನಿಂತಳು. ಮಲ್ಲೇಶಪ್ಪ ತಾವೇ ಕೈಚಾಚಿ ತೆಗೆದುಕೊಂಡು ಒಂದು ಗುಟುಕು ಕುಡಿದರು.

"ಔಷಧಿ ವಾಸನೆ ಐತೆ."

ಮಾಲತೇಶನ ಮುಖ ಸಪ್ಪಗಾಯಿತು. ಮುದುಕರು ಚೊಂಬು ಎತ್ತಿ ಗಟಗಟನೆ ಖಾಲಿ ಮಾಡಿ ಮಗಳ ಕೈಗೆ ಕೊಟ್ಟರು.

"ಇನ್ನೊಂದು ಚೊಂಬು ತಾರವ್ವ."