ಮುಶೈರಿಬ್‌ನ ಆಫೀಸಿನಲ್ಲಿ ಸೀಮೆಎಣ್ಣೆ ವಾಸನೆ

ದೆವ್ವ, ಮಾಟ ಎಂದೆಲ್ಲ ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವರ ಪೈಕಿ ನಾನು. ಮೈಸೂರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದವಳು, ಲೆಕ್ಕಕ್ಕೆ ಸಿಗದ್ದನ್ನು ನಂಬಿದವಳಲ್ಲ. ಆದರೂ ದೋಹಾದಲ್ಲಿ ಆದದ್ದನ್ನು ಇವತ್ತಿಗೂ ಅರಗಿಸಿಕೊಳ್ಳಲು ಆಗಿಲ್ಲ. ನೀವು ನಗುವುದಾದರೆ ನಗಿ.

ಎರಡು ಸಾವಿರದ ಆರೋ ಏಳೋ ಇಸವಿ. ಅಲ್ಲಿನ ಮುಶೈರಿಬ್ ಬಡಾವಣೆಯ ಹಳೇ ಕಟ್ಟಡವೊಂದರಲ್ಲಿ ನಮ್ಮ ಸಣ್ಣ ಆಫೀಸು. ಹೆಣ್ಣೆಂಬ ಕಾರಣಕ್ಕೇ ಕೊಲೆಯಾಗುವವರು ನಮ್ಮ ದೇಶದಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೋ ಕಡಿಮೆಯಾಗುತ್ತಿದ್ದಾರೋ ಎಂದು ಪತ್ರಿಕೆಗಳ ಸುದ್ದಿಯಿಂದ ಲೆಕ್ಕ ತೆಗೆಯುವ ಕೆಲಸ. ನಾನೂ ಉಡುಪಿಯ ಮಾಲಿನಿಯೂ ಸುದ್ದಿ ಓದಿ ಕಂಪ್ಯೂಟರಿಗೆ ಹಾಕುತ್ತಿದ್ದೆವು. ಗಂಡ ಕೊಂದರೆ ಒಂದು ಕಾಲಂ, ಅತ್ತೆಮನೆಯವರು ಕೊಂದರೆ ಇನ್ನೊಂದು. ‘ಸ್ಟವ್ ಸಿಡಿದು ಗೃಹಿಣಿ ಸಾವು’ ಎಂದಿದ್ದರೆ ಅಪಘಾತ, ಅದು ಕೊಲೆಯ ಲೆಕ್ಕಕ್ಕೆ ಬರುವುದಿಲ್ಲ. ಪತ್ರಿಕೆ ಹೇಳಿದ್ದನ್ನೇ ಹಾಕಬೇಕು ಎಂಬುದು ಆಫೀಸಿನ ನಿಯಮ. ನನಗೂ ಅದು ಸರಿಯೆಂದೇ ಅನ್ನಿಸಿತ್ತು. ನನ್ನ ಅಕ್ಕನೂ ಹಾಗೇ ಹೋದವಳು, ಮದುವೆಯಾಗಿ ವರ್ಷ ತುಂಬುವ ಮೊದಲೇ. ಸ್ಟವ್ ಸಿಡಿಯುತ್ತದೆಂದು ನನಗೆ ಬೇರೆ ಹೇಳಬೇಕೇ?

ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಅಂಥದೇ ಒಂದು ಸುದ್ದಿಗೆ ‘ಅಪಘಾತ’ ಎಂದು ಒತ್ತಿದೆ. ಗಪ್ಪನೆ ಸೀಮೆಎಣ್ಣೆ ವಾಸನೆ ಹೊಡೆಯಿತು. ಭ್ರಮೆ ಇರಬೇಕೆಂದು ಸುಮ್ಮನಿದ್ದೆ. ಮಾಲಿನಿಯೇ ಮೂಗು ಮುಚ್ಚಿಕೊಂಡು, “ಎಂಥ ಮಾರಾಯ್ತಿ, ಚಿಮಿಣಿ ಎಣ್ಣೆ ವಾಸನೆ ಬರ್ತಾ ಉಂಟಲ್ಲ? ಇಲ್ಲಿ ಯಾರು ಸ್ಟವ್ ಹಚ್ಚುವುದು?” ಎಂದಳು. ಮೆಂಟೆನೆನ್ಸಿನವನನ್ನು ಕರೆಸಿದೆವು. ಅವನು ಎಸಿ ಬಿಚ್ಚಿ ನೋಡಿ, ಏನೂ ಸಿಗದೆ, “ಮಾಫಿ, ಮಾಫಿ” ಎಂದು, ಏನೂ ಇಲ್ಲವೆಂದು ಅರಬಿಯಲ್ಲಿ ಹೇಳಿ, ಕೈಯಾಡಿಸಿ ಹೊರಟುಹೋದ.

ಕೂತಲ್ಲಿ ಕೂರಲಾಗಲಿಲ್ಲ. ಕಾರಿಡಾರಿನಲ್ಲಿ ಓಡಾಡಿದೆ, ಮುಖ ತೊಳೆದೆ. ತಿರುಗಿ ಬಂದು, ಯಾಕೋ ಏನೋ, ಆ ‘ಅಪಘಾತ’ವನ್ನು ಅಳಿಸಿದೆ. ವಾಸನೆ ಹೋಯಿತು. ಇದೆಂಥ ಹುಚ್ಚು ಎಂದು ನನ್ನ ಮೇಲೇ ಸಿಟ್ಟು ಬಂದು ಮತ್ತೆ ಹಾಕಿದೆ. ಮತ್ತೆ ಬಂತು! “ತೆಗಿ, ಅದನ್ನು ತೆಗಿ ಮೊದಲು” ಎಂದು ಮಾಲಿನಿ ಬ್ಯಾಗ್ ಎತ್ತಿಕೊಂಡು ಹೊರಗೆ ನಡೆದೇಬಿಟ್ಟಳು.

ಸಂಜೆ ಅಲ್ ಅಜೀಜಿಯಾದ ಮನೆಗೆ ಬಂದು ಕಾಫಿಗೆಂದು ಗ್ಯಾಸ್ ಹಚ್ಚಲು ಹೋದೆ. ಕೈ ಅಲ್ಲೇ ನಿಂತಿತು. ಹಾಗೇ ಊರಿಗೆ ಫೋನ್ ಮಾಡಿದೆ.

“ಅಮ್ಮ, ಅಕ್ಕನ ಮನೇಲಿ ಗ್ಯಾಸ್ ಇತ್ತಲ್ವಾ? ಮದುವೇಲಿ ಅಪ್ಪನೇ ಕೊಡಿಸಿದ್ರು. ಮತ್ತೆ ಸೀಮೆಎಣ್ಣೆ ಸ್ಟವ್ ಎಲ್ಲಿಂದ ಬಂತು?”

“ಈಗ ಕೇಳ್ತಿದೀಯಲ್ಲೇ” ಎಂದು ಅಮ್ಮ ಅಳತೊಡಗಿದಳು.

ಆ ವಾಸನೆ ಎಲ್ಲಿಂದ ಬಂತು, ಹೇಗೆ ಹೋಯಿತು, ನನಗೆ ಇವತ್ತಿಗೂ ತಿಳಿಯದು. ಮರುದಿನ ಮೇಲಿನವರ ಜೊತೆ ಜಗಳವಾಡಿ ಆ ಸುದ್ದಿಯ ಹೆಂಗಸಿನ ಹೆಸರಿನ ಎದುರು ‘ಅನುಮಾನಾಸ್ಪದ’ ಎಂದು ಹಾಕಿದೆ. ಅಕ್ಕನ ಸುದ್ದಿ ಮಾತ್ರ ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ. ಅವಳು ನಮ್ಮ ಲೆಕ್ಕದಲ್ಲಿ ಎಲ್ಲೂ ಇಲ್ಲ.