ನೀರಿಗೆ ಮಗು ತೋರಿಸುವುದು

ಮರುಭೂಮಿಯಂಚಿನ ಕಡಲೂರು ಲ್ಯೂಡೆರಿಟ್ಸಿನ ಗುಡ್ಡದ ಮೇಲೆ ಜರ್ಮನ್ನರು ಕಟ್ಟಿಹೋದ ಗೋಪುರದ ಮನೆಯೊಂದಿದೆ. ಅದರ ಬಣ್ಣದ ಗಾಜಿನ ಕಿಟಕಿಗಳ ಸಂದಿಯಿಂದ ನುಸುಳುವ ಮರಳನ್ನು ಗುಡಿಸುತ್ತಲೇ ಲಿಸ್‌ಬೆಟ್‌ಳ ಕೂದಲು ನರೆತಿತ್ತು. ಬೆಳಿಗ್ಗೆ ಗುಡಿಸಿದ್ದು ಮಧ್ಯಾಹ್ನಕ್ಕೆ ಮತ್ತೆ ಬಂದು ಕೂತಿರುತ್ತಿತ್ತು. “ಮರಳು ನಿಂತ ದಿನ ನನ್ನ ಕೆಲಸಾನೂ ಹೋಗುತ್ತೆ” ಎಂದು ನಗುತ್ತಿದ್ದಳು.

ಈಗ ದೂರದ ರಾಜಧಾನಿ ವಿಂಡ್‌ಹುಕ್‌ನಲ್ಲಿ ಓದಿ ಬೆಳೆದ ಸೊಸೆ ಮಾರ್ಲೀನ್ ಮೊದಲ ಸಲ ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದಳು. ನಾಳೆ ಹೊರಟುಬಿಡುತ್ತಾಳೆ. ಅಷ್ಟರೊಳಗೆ ಮಗುವನ್ನು ನೀರಿಗೆ ತೋರಿಸಬೇಕೆಂದು ಲಿಸ್‌ಬೆಟ್‌ಳ ಆಸೆ. ಅವರ ಜನರ ರೂಢಿಯಂತೆ ಹೊಸಬರ ನೆತ್ತಿಗೆ ಮನೆಯ ಹಿರಿಯರು ಸಮುದ್ರದ ನೀರು ಮುಟ್ಟಿಸಿ, ಇವರು ನಮ್ಮವರು ಎಂದು ಆ ನೀರಿನ ಬಳಿ ತೀರಿಕೊಂಡವರಿಗೆ ಹೇಳಬೇಕು. ಇಲ್ಲಂತೂ ತೀರಿಕೊಂಡವರು ಬಹಳ. ಹಿಂದೆ ಈ ನಾಡನ್ನು ಆಳಿದ ಜರ್ಮನ್ನರು ಎದುರಿನ ಶಾರ್ಕ್ ದ್ವೀಪದಲ್ಲಿ ಕೂಡಿಹಾಕಿದ ನಾಮಾ ಬುಡಕಟ್ಟಿನ ಜನ ಚಳಿಗೆ, ಹಸಿವಿಗೆ ಸತ್ತಿದ್ದರು. ಲಿಸ್‌ಬೆಟ್‌ಳ ಮುತ್ತಜ್ಜಿಯೂ ಅವರಲ್ಲೊಬ್ಬಳು.

ದಡದವರೆಗೆ ಬಂದ ಮಾರ್ಲೀನ್ ಅಲ್ಲೇ ನಿಂತಳು.

“ಬೇಡ ಅತ್ತೆ. ಈ ನೀರಿಗೆ ನನ್ನ ಬೆರಳೇ ಮರಗಟ್ಟುತ್ತೆ. ಇವಳು ಬೆಳಿಗ್ಗೆಯಿಂದ ಸೀನ್ತಾ ಇದಾಳೆ.”

“ಸೀನ್ತಿರೋದು ನಿನ್ನ ಪೌಡರಿಗೆ ಕಣೇ. ರೊಟ್ಟಿಗೆ ಹಿಟ್ಟು ಉದುರಿಸಿದ ಹಾಗೆ ಸುರೀತೀಯ.”

“ಜ್ವರ ಬಂದರೆ? ದಾರಿಯುದ್ದಕ್ಕೂ ಮರುಭೂಮಿ. ಎಲ್ಲಿಂದ ತರಲಿ ಡಾಕ್ಟರನ್ನ?”

ಹೆತ್ತವಳ ಹೆದರಿಕೆ ಲಿಸ್‌ಬೆಟ್‌ಗೇನೂ ಹೊಸದಲ್ಲ. ಬಲವಂತ ಮಾಡಲು ಮನಸ್ಸಾಗಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಒಂದು ಬೊಗಸೆ ಸಮುದ್ರದ ನೀರನ್ನು ಬಾಯಿಗೆ ತುಂಬಿಕೊಂಡು ತುಟಿ ಮುಚ್ಚಿದಳು. ಕೆನ್ನೆ ಉಬ್ಬಿತು. ಉಪ್ಪಿಗೆ ಕಣ್ಣಲ್ಲಿ ನೀರಾಡಿತು.

“ಏನತ್ತೆ ಇದು? ಉಗೀರಿ, ಉಗೀರಿ.”

ಲಿಸ್‌ಬೆಟ್ ಇಲ್ಲವೆಂದು ತಲೆಯಾಡಿಸಿದಳು. ತುಸು ಹೊತ್ತಿನ ಮೇಲೆ ಸೊಸೆಯ ಕೈ ಎಳೆದು, ಅಂಗೈಗೆ ನಾಲ್ಕು ಹನಿ ಬಿಟ್ಟಳು.

ನೀರು ಬೆಚ್ಚಗಿತ್ತು.

ಮಾರ್ಲೀನ್ ಅಂಗೈ ನೋಡುತ್ತ ನಿಂತಳು. ಆಮೇಲೆ ಗಾಳಿಗೆ ಬೆನ್ನು ಕೊಟ್ಟು, ತಾನೇ ಮಗುವಿನ ಟೋಪಿ ತೆಗೆದಳು.

ಲಿಸ್‌ಬೆಟ್ ಬಾಯಿಯ ನೀರನ್ನು ತನ್ನ ಅಂಗೈಗೆ ಬಿಟ್ಟುಕೊಂಡು ಮಗುವಿನ ನೆತ್ತಿಗೆ ಸವರಿದಳು. ದ್ವೀಪದ ಕಡೆ ತಿರುಗಿ, ಪಕ್ಕದ ಮನೆಯವರೊಡನೆ ಮಾತಾಡುವಂತೆ ಹೇಳಿದಳು: “ನೋಡ್ಕೊಳ್ಳಿ, ಇವಳು ರೋಜೀನಾ. ನಮ್ಮವಳು. ಇವಳಮ್ಮ ಪುಕ್ಕಲಿ, ಗಾಳಿ ಸ್ವಲ್ಪ ಮೆತ್ತಗೆ ಬೀಸಲಿ.”

ಮಗು ಅಳಲಿಲ್ಲ. ಮಾರ್ಲೀನ್ ಅವಸರವಸರವಾಗಿ ತಲೆ ಒರೆಸಿ ಟೋಪಿ ಹಾಕಿದಳು.

“ನಿನ್ನನ್ನ ಯಾರು ತೋರಿಸಿದ್ರು ಈ ನೀರಿಗೆ?” ಲಿಸ್‌ಬೆಟ್ ಕೇಳಿದಳು.

“ಯಾರೂ ಇಲ್ಲ.”

“ಹಾಗಾದ್ರೆ ಬಗ್ಗು.”

“ನನಗೂ ಬೆಚ್ಚಗೆ ಮಾಡಿ, ಅತ್ತೆ.”

“ನಿನಗೆ ಹಲ್ಲು ಬಂದಿದೆಯಲ್ಲ, ಕಚ್ಚಿಕೊಂಡು ತಡ್ಕೋ” ಎಂದು ಲಿಸ್‌ಬೆಟ್ ಸಮುದ್ರಕ್ಕೆ ಕೈ ಹಾಕಿದಳು. ಮಾರ್ಲೀನ್ ಮಗುವಿನ ಮೇಲೆ ಹನಿ ಬೀಳದಂತೆ ಸೆರಗಿನಷ್ಟಗಲದ ಶಾಲನ್ನು ಅಡ್ಡ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ ತಲೆ ಬಗ್ಗಿಸಿದಳು.